ಒಂಬತ್ತು ಸಲ ಲಿಲಾವಿಗಿಟ್ಟ ಹೂದಾನಿ

ಬೀದರಿನ ಓದುಗರೊಬ್ಬರು ಬರೆದಿದ್ದಾರೆ: "ಸಂಪಾದಕರೇ, ನಮ್ಮದು ಕಪ್ಪು ಲೋಹದ ಮೇಲೆ ಬೆಳ್ಳಿ ಕೂಡಿಸುವ ಬಿದ್ರಿ ಕೆಲಸದ ಮನೆ. ಅಪ್ಪ ಮಾಡುತ್ತಾರೆ, ನಾನು ವಿದೇಶಿ ಹರಾಜು ತಾಣವೊಂದರಲ್ಲಿ ಮಾರುತ್ತೇನೆ. ಮಾಲು ಹೋಗದಿದ್ದರೆ ರೀಲಿಸ್ಟ್ ಮಾಡಬೇಕು, ಅಂದರೆ ಮತ್ತೆ ಹರಾಜಿಗೆ ಹಾಕಬೇಕು. ಪ್ರತಿ ಸಲ 30 ರೂಪಾಯಿ ಫೀ. ಮೊದಲೆಲ್ಲ ಎರಡನೇ ಸಲಕ್ಕೆ ಮಾರಾಟವಾದರೆ ಒಂದು ಫೀ ವಾಪಸ್ ಕೊಡುತ್ತಿದ್ದರು. ಈಗ ಅದನ್ನೂ ತೆಗೆದರು. ಒಂದು ಹೂದಾನಿಯನ್ನು ಒಂಬತ್ತು ಸಲ ಹಾಕಿದೆ. ಕೊನೆಗೆ ಹೋಯಿತು, ಕೈಯಲ್ಲಿ ಏನೂ ಉಳಿಯಲಿಲ್ಲ. ಇದು ಹಗಲು ದರೋಡೆ ಅಲ್ವಾ? ಗಟ್ಟಿಯಾಗಿ ಬರೆಯಿರಿ."

ಸಂಪಾದಕರ ಉತ್ತರ:

ನಮಸ್ಕಾರ. ಗಟ್ಟಿಯಾಗಿ ಬರೆಯೋಣ ಅಂತಲೇ ಕೂತೆ. ಆದರೆ ಪತ್ರದ ಜೊತೆ ನೀವು ಖರ್ಚಿನ ಚೀಟಿಯನ್ನೂ ಇಟ್ಟಿದ್ದಿರಲ್ಲ, ಅದು ನನ್ನನ್ನು ಬೇರೆ ಕಡೆ ಎಳೆದುಕೊಂಡು ಹೋಯಿತು. ತಾಣದ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಅವರ ಮಾತು ಏನು ಅಂತ ನಾನು ಕೇಳಿಲ್ಲ.

ನಿಮ್ಮ ಚೀಟಿಯ ಪ್ರಕಾರ ಹೂದಾನಿ 2,400 ರೂಪಾಯಿಗೆ ಹೋಯಿತು. ಅಂಚೆ ಖರ್ಚು ಅಂತ ಗಿರಾಕಿ 900 ಕೊಟ್ಟರು. ಒಟ್ಟು 3,300. ಅದರ ಮೇಲೆ ಶೇ 13ರ ಕಮಿಷನ್ 429. ಒಂಬತ್ತು ಸಲದ ಲಿಸ್ಟಿಂಗ್ ಫೀ 270. ಅಂಚೆಗೆ 900. ಮಾಲಿನ ಖರ್ಚು 1,650. ಉಳಿದದ್ದು 51 ರೂಪಾಯಿ. ಮದುವೆ ಮನೆಯಲ್ಲಿ ಮುಯ್ಯಿ ಕವರಿಗೆ ಹಾಕುವ ಮೊತ್ತ.

ಫೀ ನೋಡಿದರೆ ಸಿಟ್ಟು ಬರುತ್ತದೆ, ನಿಜ. ಆದರೆ ಅದೇ ಚೀಟಿಯಲ್ಲಿ ನನಗೆ ಬೇರೆಯೇ ಒಂದು ಕಂಡಿತು. ಸತು ಬರೆದಿದ್ದೀರಿ, ತಾಮ್ರ ಬರೆದಿದ್ದೀರಿ, ಬೆಳ್ಳಿ ತಂತಿ, ಇದ್ದಿಲು, ನವಸಾಗರ, ಪೆಟ್ಟಿಗೆ, ಥರ್ಮಾಕೋಲ್ ಎಲ್ಲ ಇವೆ. ಅಪ್ಪನ ಕೂಲಿ ಎಲ್ಲಿ?

ನಿಮ್ಮ ಊರಿನ ಚೌಬಾರಾ ಗೋಪುರದ ಹತ್ತಿರದ ಒಂದು ಕಾರ್ಖಾನೆಯಲ್ಲಿ ನಾನು ಅರ್ಧ ದಿನ ಕೂತಿದ್ದೆ. ಎರಕದಿಂದ ಬಂದ ಪಾತ್ರೆಯನ್ನು ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ಸ್ವಲ್ಪ ಕಪ್ಪು ಮಾಡಿಕೊಳ್ಳುತ್ತಾರೆ, ಗೆರೆ ಕಾಣಲಿ ಅಂತ. ಆಮೇಲೆ ಆ ಹಿರಿಯರು ಉಳಿ ಹಿಡಿದು ಬಳ್ಳಿ ಕೊರೆಯಲು ಶುರು ಮಾಡಿದರು. ನಾನು ಎರಡು ಚಹಾ ಕುಡಿದು ಎದ್ದಾಗ ಅಂಗೈ ಅಗಲದಷ್ಟು ಕೂಡ ಆಗಿರಲಿಲ್ಲ. ಅದಾದ ಮೇಲೆ ಬೆಳ್ಳಿ ಕೂಡಿಸಬೇಕು, ಮತ್ತೆ ಉಜ್ಜಬೇಕು, ಕೊನೆಗೆ ಬಿಸಿ ಮಾಡಿ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಹಚ್ಚಬೇಕು. ಆಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಒಂದು ಹೂದಾನಿಗೆ ನಿಮ್ಮ ಅಪ್ಪನಿಗೆ ಎಷ್ಟು ದಿನ ಹಿಡಿಯಿತು? ದಿನಕ್ಕೆ 500 ಹಿಡಿದರೂ ನೀವು ಲಾಭದಲ್ಲಿಲ್ಲ, ದೊಡ್ಡ ನಷ್ಟದಲ್ಲಿದ್ದೀರಿ. ಆ ನಷ್ಟ ತಾಣ ಮಾಡಿದ್ದಲ್ಲ. ಲಿಲಾವನ್ನು 1,500ಕ್ಕೆ ಶುರು ಮಾಡಿದವರು ನೀವೇ.

ಈಗ ದರೋಡೆ ವಿಷಯ. ಸಂತೆಯಲ್ಲಿ ಬುಟ್ಟಿ ಇಟ್ಟರೆ ಜಕಾತಿ ಕೊಡಲೇಬೇಕು, ಮಾಲು ಹೋಗಲಿ ಬಿಡಲಿ. ಅವರ ಸಂತೆ, ಅವರ ಜಕಾತಿ. ಆದ್ದರಿಂದ ದರೋಡೆ ಅನ್ನಲಾರೆ. ಆದರೆ ಅಂಚೆ ಖರ್ಚಿನ ಮೇಲೂ ಕಮಿಷನ್ ಹಿಡಿಯುವುದು ನನಗೂ ಸರಿ ಕಾಣುವುದಿಲ್ಲ. ನಿಮ್ಮ 429ರಲ್ಲಿ 117 ರೂಪಾಯಿ ಬರೀ ಅಂಚೆ ಹಣದ ಮೇಲಿನದ್ದು. ಇದೇನು ಹೊಸದಲ್ಲ. ಅಮೆರಿಕದ ಹರಾಜು ತಾಣ ಈಬೇ 2011ರಲ್ಲೇ ಇದನ್ನು ಶುರು ಮಾಡಿತ್ತು. ಹಾಗೆ ಮಾಡದಿದ್ದರೆ ಮಾಲಿಗೆ ಒಂದು ಡಾಲರ್, ಅಂಚೆಗೆ ಐವತ್ತು ಡಾಲರ್ ಅಂತ ಬರೆದು ಕಮಿಷನ್ ತಪ್ಪಿಸುವವರು ಇದ್ದರು ಅನ್ನೋದೂ ನಿಜವೇ.

ನಿಯಮ ಬದಲಾಯಿಸುವ ಚಾಳಿಯೂ ಹಳೆಯದು. 2008ರಲ್ಲಿ ಈಬೇ ಫೀ ಲೆಕ್ಕ ಬದಲಾಯಿಸಿದಾಗ ಬಹಳ ಮಾರಾಟಗಾರರು ಫೆಬ್ರವರಿಯಲ್ಲಿ ಒಂದು ವಾರ ಮಾಲು ಹಾಕದೆ ಮುಷ್ಕರ ಹೂಡಿದರು. ಅದೇ ವರ್ಷ ಮೇ ತಿಂಗಳಿಂದ ಮಾರುವವರು ಕೊಳ್ಳುವವರ ಬಗ್ಗೆ ಕೆಟ್ಟ ಅಭಿಪ್ರಾಯ ಹಾಕುವಂತಿಲ್ಲ ಅಂತಾಯಿತು. 2019ರಲ್ಲಿ ನಿಗದಿ ಬೆಲೆಯ ಲಿಸ್ಟಿಂಗ್‌ಗಳೆಲ್ಲ ನಾವೇ ನಿಲ್ಲಿಸುವ ತನಕ ತಿಂಗಳು ತಿಂಗಳು ತಾನಾಗಿ ಮುಂದುವರಿಯುವ ಹಾಗೆ ಮಾಡಿದರು. ಇನ್ನು ನಮ್ಮ ದೇಶದ ಈಬೇ ಅಂಗಡಿಯ ಕತೆ ನಿಮಗೆ ಗೊತ್ತೇ ಇದೆ. 2004ರಲ್ಲಿ ಇಲ್ಲಿಯ ಹರಾಜು ತಾಣ ಬಾಝೀಯನ್ನು ಕೊಂಡು ಬಂದವರು, 2017ರಲ್ಲಿ ಫ್ಲಿಪ್‌ಕಾರ್ಟ್ ಕೈಗೆ ಹೋದರು, 2018ರ ಆಗಸ್ಟ್ 14ಕ್ಕೆ ಬಾಗಿಲು ಹಾಕಿದರು. ನಿಮ್ಮ ತಾಣವೂ ಫೀ ವಾಪಸ್ ನಿಲ್ಲಿಸುವ ಮುಂಚೆ ಇಮೇಲ್ ಕಳಿಸಿತ್ತು ಅಂತ ನೀವೇ ಬರೆದಿದ್ದೀರಿ. ಓದಿರಲಿಲ್ಲ ಅಷ್ಟೆ. ನಾನೂ ಅಂಥವನ್ನು ಓದದೆ ಅಳಿಸುವವನೇ, ಬಿಡಿ. ಆದರೆ ನನ್ನ ದುಡ್ಡು ಅದರಲ್ಲಿ ಸಿಕ್ಕಿಕೊಂಡಿಲ್ಲ.

ಒಂಬತ್ತು ಸಲ ಯಾಕೆ ಹಾಕಬೇಕಾಯಿತು, ಅದು ಮುಖ್ಯ. ನಿಮ್ಮ ಪಟ್ಟಿಯಲ್ಲಿ ಶುರುವಿನ ವೇಳೆ ನೋಡಿದೆ. ಒಂದು ಸಲ ಬಿಟ್ಟು ಎಲ್ಲ ಸಲವೂ ಮಧ್ಯಾಹ್ನ 2ರ ಸುಮಾರು. ಊಟ ಮುಗಿಸಿ ಕೂತು ಹಾಕುತ್ತೀರಿ ಅನ್ನಿಸುತ್ತದೆ. ಏಳು ದಿನದ ಲಿಲಾವು ಶುರುವಾದ ವೇಳೆಗೇ ಮುಗಿಯುತ್ತದೆ. ಇಲ್ಲಿ ಮಧ್ಯಾಹ್ನ 2 ಅಂದರೆ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ನಸುಕಿನ 4.30, ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ 1.30. ನಿಮ್ಮ ಗಿರಾಕಿಗಳೆಲ್ಲ ಅಮೆರಿಕದವರು. ಸವಾಲು ಏರುವುದು ಕೊನೆಯ ಐದು ಹತ್ತು ನಿಮಿಷದಲ್ಲಿ. ಆ ಹೊತ್ತಿಗೆ ಅವರೆಲ್ಲ ಗೊರಕೆ ಹೊಡೆಯುತ್ತಿರುತ್ತಾರೆ. ಮಾರಾಟವಾದ ಆ ಒಂದು ಸಲ ನೀವು ಸೋಮವಾರ ಬೆಳಗ್ಗೆ ಹಾಕಿದ್ದಿರಿ, ಕಲಬುರಗಿಗೆ ಹೋಗುವ ಅವಸರ ಇತ್ತು ಅಂತ ಬರೆದಿದ್ದೀರಿ. ಇಲ್ಲಿ ಸೋಮವಾರ ಬೆಳಗ್ಗೆ 7.30 ಆದಾಗ ನ್ಯೂಯಾರ್ಕಿನಲ್ಲಿ ಭಾನುವಾರ ರಾತ್ರಿ 9 ಅಥವಾ 10, ಕ್ಯಾಲಿಫೋರ್ನಿಯಾದಲ್ಲಿ ಸಂಜೆ 6 ಅಥವಾ 7. ಊಟ ಮಾಡಿ ಸೋಫಾದ ಮೇಲೆ ಫೋನ್ ಹಿಡಿದು ಕೂತಿರುವ ಹೊತ್ತು. ಮುಂದಿನ ಸಲವೂ ಅದೇ ವೇಳೆಗೆ ಹಾಕಿ ನೋಡಿ.

ಫೋಟೊ ಬಗ್ಗೆಯೂ ಒಂದು ಮಾತು. ಕಪ್ಪು ಪಾತ್ರೆಯನ್ನು ಕಪ್ಪು ಬಟ್ಟೆ ಮೇಲೆ ಇಟ್ಟು ಫ್ಲಾಶ್ ಹೊಡೆದಿದ್ದೀರಿ. ಬೆಳ್ಳಿ ಟ್ಯೂಬ್‌ಲೈಟ್ ಹಾಗೆ ಹೊಳೆಯುತ್ತಿದೆ, ಹೂದಾನಿಯೇ ಕಾಣುತ್ತಿಲ್ಲ. ಕಿಟಕಿ ಪಕ್ಕ ಬೂದು ಬಣ್ಣದ ಬಟ್ಟೆ ಹಾಸಿ ತೆಗೆಯಿರಿ. ಬಿದ್ರಿಗೆ 2006ರಲ್ಲೇ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು, ಸಿಕ್ಕಿದೆ. ಅದರ ಅಧಿಕೃತ ಬಳಕೆದಾರರಾಗಿ ಅಪ್ಪನ ಹೆಸರು ನೋಂದಾಯಿಸಿ, ಆ ಮಾತನ್ನು ವಿವರಣೆಯಲ್ಲಿ ಹಾಕಿ. ಕಪ್ಪು ಪೇಂಟ್ ಬಳಿದ ಮಾಲಿನ ಪಕ್ಕದಲ್ಲಿ ನಿಮ್ಮದು ಯಾಕೆ ತುಟ್ಟಿ ಅಂತ ಗಿರಾಕಿಗೆ ಗೊತ್ತಾಗಬೇಕಲ್ಲ.

ನನ್ನನ್ನು ಕೇಳಿದರೆ ದೊಡ್ಡ ಮಾಲನ್ನು ಲಿಲಾವಿಗೆ ಇಡಲೇಬೇಡಿ. ಸವಾಲು ಏರಬೇಕಾದರೆ ಕನಿಷ್ಠ ಇಬ್ಬರಿಗೆ ಅದೇ ವಸ್ತು ಬೇಕಿರಬೇಕು. ಬಿದ್ರಿ ಹೂದಾನಿ ಹುಡುಕುವವರು ಒಂದು ವಾರದಲ್ಲಿ ಎಷ್ಟು ಜನ? ಕೂಲಿ ಸೇರಿಸಿ ನಿಗದಿ ಬೆಲೆ ಹಾಕಿ, ಕಾಯಿರಿ. ಚಿಕ್ಕ ಡಬ್ಬಿ, ಬಟನ್, ಕಿವಿಯೋಲೆ ಲಿಲಾವಿಗೆ ಹೋಗಲಿ. ಆಟೋ ರೀಲಿಸ್ಟ್ ಟಿಕ್ ಇದ್ದರೆ ಇವತ್ತೇ ತೆಗೆಯಿರಿ.

ತಾಣದ ನಿಯಮಕ್ಕಿಂತ ಜಾಸ್ತಿ ಹೊಡೆತ ಕೊಟ್ಟಿದ್ದು ಅಮೆರಿಕದ ನಿಯಮ. 800 ಡಾಲರ್ ಒಳಗಿನ ಪಾರ್ಸಲ್‌ಗಳಿಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಹೋಯಿತು. ನಮ್ಮ ಅಂಚೆ ಇಲಾಖೆ ಅದಕ್ಕೆ ನಾಲ್ಕು ದಿನ ಮೊದಲೇ ಅಲ್ಲಿಗೆ ಮಾರಾಟದ ಪಾರ್ಸಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಮತ್ತೆ ಶುರುವಾಗಿದ್ದು ಅಕ್ಟೋಬರ್ 15ಕ್ಕೆ. ಲಿಲಾವು ಮುಗಿದ ಮೇಲೆ ಅಂಚೆ ನಿಂತರೆ ಕೆಟ್ಟ ಹೆಸರು ಬರುವುದು ನಿಮಗೇ. ಹಾಗಾಗಿ ಮಾಲು ಹಾಕುವ ಹಿಂದಿನ ದಿನ ಬೀದರ್ ಅಂಚೆ ಕಚೇರಿಗೆ ಹೋಗಿ ಆ ದಿನದ ನಿಯಮ ಮತ್ತು ದರ ಕೇಳಿಕೊಂಡು ಬನ್ನಿ.

ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೀರಿ, "ಮುತ್ತಜ್ಜನ ಕಾಲದ ಹುಕ್ಕಾ ಇದೆ, ಅದನ್ನೂ ಹಾಕುವವನಿದ್ದೇನೆ" ಅಂತ. ಅದನ್ನು ಮಾತ್ರ ಹಾಕಬೇಡಿ. ನೂರು ವರ್ಷ ದಾಟಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಅಷ್ಟು ಹಳೆಯದಲ್ಲ ಅನ್ನುವುದಾದರೆ ಪುರಾತತ್ವ ಇಲಾಖೆಯಿಂದ ಮೊದಲು ಪ್ರಮಾಣಪತ್ರ ತೆಗೆದುಕೊಳ್ಳಿ. ಅಲ್ಲಿಯ ತನಕ ಕಪಾಟಿನಲ್ಲೇ ಇರಲಿ, ಕಪ್ಪು ಮಾಸದ ಹಾಗೆ ಆಗಾಗ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ. ನಾನು ಬೀದರಿಗೆ ಬಂದಾಗ ನನಗೂ ತೋರಿಸಿ.