ಹೊಲ ಅಡವಿಟ್ಟು ಬರುವ ಪದವಿ ಇದಲ್ಲ

ತಮ್ಮಾ,

ಅಕ್ಕಾ ಎಂದು ಕರೆದು ಬರೆದಿದ್ದೀಯ, ಹಾಗಾಗಿ ‘ನೀವು’ ಬಿಟ್ಟು ‘ನೀನು’ ಎಂದೇ ಬರೆಯುತ್ತೇನೆ. ನೀನು ಕೇಳಿರುವುದು ಇಷ್ಟು: ಧಾರವಾಡದಲ್ಲಿ ಬಿ.ಎಸ್ಸಿ. ಕೃಷಿ ಮುಗಿಯುತ್ತಾ ಬಂದಿದೆ, ಮುಂದೆ ಅಮೆರಿಕದಲ್ಲಿ ಕೃಷಿ ಶಿಕ್ಷಣದ ಎಂ.ಎಸ್. ಮಾಡುವ ಆಸೆ, ಅಯೋವಾ ರಾಜ್ಯದ ಏಮ್ಸ್ ಎಂಬ ಊರಿನ ವಿಶ್ವವಿದ್ಯಾಲಯದ ಮೇಲೆ ಕಣ್ಣು. ಹಾವೇರಿ ಕಡೆಯ ಎರಡು ಎಕರೆ ಅಡವಿಟ್ಟು ಸಾಲ ಎತ್ತಲು ಅಪ್ಪ ಒಪ್ಪಿದ್ದಾರೆ. ಓದಿದ ಮೇಲೆ ಕೆಲಸ ಸಿಗುತ್ತದೆಯೇ? ಅಲ್ಲಿನ ಬದುಕು ಹೇಗೆ?

ಹೊಲದಿಂದಲೇ ಶುರುಮಾಡುತ್ತೇನೆ. ಅಡವಿಡಬೇಡ. ಅಪ್ಪ ಒಪ್ಪಿದರೂ ನೀನು ಒಪ್ಪಬೇಡ. ಸಾಫ್ಟ್‌ವೇರ್ ಓದಿ ಎರಡು ಮೂರು ವರ್ಷದಲ್ಲಿ ಸಾಲ ತೀರಿಸಿದವರ ಕಥೆ ಊರಲ್ಲಿ ಕೇಳಿರುತ್ತೀಯ. ಕೃಷಿ ಶಿಕ್ಷಣ ಓದಿದವರಿಗೆ ಸಿಗುವ ಸಂಬಳದಲ್ಲಿ ಅದು ಆಗುವ ಮಾತಲ್ಲ. ಪೂರ್ತಿ ಶುಲ್ಕ ಕಟ್ಟಿ ಈ ವಿಷಯ ಓದುವ ವಿದೇಶಿ ವಿದ್ಯಾರ್ಥಿಗೆ ಲೆಕ್ಕ ಕೂಡುವುದೇ ಇಲ್ಲ. ಇರುವ ದಾರಿ ಒಂದೇ, ಅಸಿಸ್ಟೆಂಟ್‌ಶಿಪ್. ವಾರಕ್ಕೆ 20 ಗಂಟೆ ಪ್ರೊಫೆಸರ್ ಕೈಕೆಳಗೆ ಸಂಶೋಧನೆಯಲ್ಲೋ ಪಾಠದಲ್ಲೋ ದುಡಿಯುತ್ತೀಯ, ಅವರು ತಿಂಗಳ ವೇತನ ಕೊಟ್ಟು ಶುಲ್ಕದಲ್ಲಿ ವಿನಾಯಿತಿ ಕೊಡುತ್ತಾರೆ. ಎಷ್ಟು ವಿನಾಯಿತಿ ಎಂಬುದು ಒಂದೊಂದು ಕಡೆ ಒಂದೊಂದು ಬಗೆ: ಕೆಲವೆಡೆ ಪೂರ್ತಿ ಮಾಫಿ, ಕೆಲವೆಡೆ ಅರ್ಧ. ನೇಮಕದ ಪತ್ರ ಕೈಗೆ ಬಂದಾಗ ವೇತನ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ ಎಂದು ನೋಡು. ಒಂಬತ್ತಕ್ಕಾದರೆ ಬೇಸಿಗೆಯ ಮನೆ ಬಾಡಿಗೆ ಎಲ್ಲಿಂದ ಬರುತ್ತದೆ ಎಂದು ಈಗಲೇ ಯೋಚಿಸು. ಆರೋಗ್ಯ ವಿಮೆಯ ಹಣ ಯಾರದು ಎಂಬುದನ್ನೂ ಸಂಕೋಚವಿಲ್ಲದೆ ಕೇಳು. ಇಲ್ಲಿ ಹಣದ ಮಾತು ಕೇಳಿದರೆ ಯಾರೂ ಕೆಟ್ಟದಾಗಿ ತಿಳಿಯುವುದಿಲ್ಲ. ಅಸಿಸ್ಟೆಂಟ್‌ಶಿಪ್ ಇಲ್ಲದ ಪ್ರವೇಶ ಪತ್ರವನ್ನು ನಾನು ಪ್ರವೇಶ ಪತ್ರವೆಂದೇ ಎಣಿಸುವುದಿಲ್ಲ.

ಒಂದು ಬಲೆಯನ್ನೂ ಹೇಳಿಬಿಡುತ್ತೇನೆ. ಈ ವಿಷಯದ ಎಂ.ಎಸ್.ಗಳಲ್ಲಿ ಹಲವು ಪೂರ್ತಿ ಆನ್‌ಲೈನ್‌ನಲ್ಲಿ ನಡೆಯುತ್ತವೆ. ಕೆಲಸದಲ್ಲಿರುವ ಶಾಲಾ ಶಿಕ್ಷಕರು ಸಂಜೆ ಓದಲೆಂದು ಮಾಡಿದವು ಅವು, ಅವಕ್ಕೆ ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾ ಸಿಗುವುದಿಲ್ಲ. ವೀಸಾದ ಮೇಲೆ ಬಂದವರು ಒಂದು ಸೆಮಿಸ್ಟರಿನಲ್ಲಿ ಒಂದೇ ಒಂದು ಆನ್‌ಲೈನ್ ತರಗತಿಯನ್ನು ಪೂರ್ಣಾವಧಿ ಓದಿನ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಆದ್ದರಿಂದ ಹೆಸರು ನೋಡಿ ಅರ್ಜಿ ಹಾಕಬೇಡ, ತರಗತಿ ಎಲ್ಲಿ ನಡೆಯುತ್ತದೆ ಎಂದು ಕೇಳಿ ಹಾಕು.

ಇನ್ನು ಕೆಲಸ. ಓದು ಮುಗಿದ ಮೇಲೆ ಒಪಿಟಿ ಎಂಬ ಹೆಸರಿನಲ್ಲಿ 12 ತಿಂಗಳು ದುಡಿಯಬಹುದು. ವಿಜ್ಞಾನ, ತಂತ್ರಜ್ಞಾನದ ಪಟ್ಟಿಯಲ್ಲಿರುವ ಪದವಿಗಳಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಕೃಷಿ ಶಿಕ್ಷಣ ಸಾಮಾನ್ಯವಾಗಿ ಆ ಪಟ್ಟಿಯ ಹೊರಗೇ ಇರುತ್ತದೆ. ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ನಿನ್ನ ಪದವಿಯ ಸಂಕೇತ ಸಂಖ್ಯೆ ಅಚ್ಚಾಗಿರುತ್ತದೆ, ಅದನ್ನು ಹಿಡಿದು ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸು. ಸಮಾಧಾನದ ಸಂಗತಿ ಒಂದಿದೆ: ನಮ್ಮಂಥವರಿಗೆ ಕೆಲಸ ಕೊಡುವುದು ಹೆಚ್ಚಾಗಿ ವಿಶ್ವವಿದ್ಯಾಲಯಗಳು, ಮತ್ತು ಅವು ಎಚ್-1ಬಿ ಎಂಬ ಉದ್ಯೋಗ ವೀಸಾದ ಲಾಟರಿಯ ಹೊರಗಿವೆ. ನಾನು ಒಂದು ವಿಶ್ವವಿದ್ಯಾಲಯದಲ್ಲಿ, ಅಲ್ಲಿನ ಅರಿವನ್ನು ರೈತರಿಗೆ ತಲುಪಿಸುವ ವಿಸ್ತರಣಾ ವಿಭಾಗದಲ್ಲಿ ಕಾರ್ಯಕ್ರಮಗಳ ಮೌಲ್ಯಮಾಪನ ಮಾಡುತ್ತಾ ಇಲ್ಲೇ ಉಳಿದದ್ದು ಹೀಗೆಯೇ. ಆದರೆ 2025ರಲ್ಲಿ ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಮುಚ್ಚಿದ ಮೇಲೆ ವಿದೇಶಿ ಕೃಷಿ ಯೋಜನೆಗಳಿಂದ ಬರುತ್ತಿದ್ದ ಅಸಿಸ್ಟೆಂಟ್‌ಶಿಪ್‌ಗಳಿಗೆ ಪೆಟ್ಟು ಬಿದ್ದಿದೆ. ನಮ್ಮ ಕಡೆಯಿಂದ ಬರುವವರಿಗೆ ಅವೇ ಸುಲಭದ ಬಾಗಿಲಾಗಿದ್ದವು.

ಹಣದ ಮಾತು ಸಾಕು. ಹಣ ಹೊಂದಿದರೂ ಬರಬೇಕೇ ಎಂಬುದು ಬೇರೆಯೇ ಪ್ರಶ್ನೆ, ನನಗೆ ಹೆಚ್ಚು ಇಷ್ಟದ ಪ್ರಶ್ನೆ.

ನೀನು ಅಲ್ಲಿ ಕೃಷಿ ವಿಸ್ತರಣೆ ಎಂದು ಓದಿದ್ದೀಯ. ಅದೇ ಇಲ್ಲಿಯೂ ಎಂದುಕೊಂಡು ಬಂದರೆ ಮೊದಲ ತಿಂಗಳು ತಲೆ ತಿರುಗುತ್ತದೆ. ಇಲ್ಲಿ ಈ ವಿಷಯಕ್ಕೆ ಎರಡು ಕಾಲುಗಳು. ಒಂದು ಹೈಸ್ಕೂಲು. 1917ರ ಸ್ಮಿತ್-ಹ್ಯೂಸ್ ಕಾಯ್ದೆಯಿಂದ ಹೈಸ್ಕೂಲಿನಲ್ಲಿ ಬೇಸಾಯ ಕಲಿಸಲು ಕೇಂದ್ರ ಸರ್ಕಾರದ ಹಣ ಬರತೊಡಗಿತು, 1928ರಲ್ಲಿ ಎಫ್‌ಎಫ್‌ಎ ಎಂಬ ವಿದ್ಯಾರ್ಥಿ ಸಂಘಟನೆ ಹುಟ್ಟಿತು. ನಿನ್ನ ಸಹಪಾಠಿಗಳಲ್ಲಿ ಬಹಳಷ್ಟು ಮಂದಿ ಅದರ ನೀಲಿ ಕಾರ್ಡುರಾಯ್ ಜಾಕೆಟ್ ತೊಟ್ಟು ಬೆಳೆದವರು. ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮೇಳದಲ್ಲಿ ತಾವು ಸಾಕಿದ ಹಂದಿಯನ್ನು ನಡೆಸಿ ಬಹುಮಾನ ಗೆದ್ದವರು. ಅವರು ಮಾತಿಗೆ ಕುಳಿತರೆ ಅರ್ಧ ಮಾತು ಆ ಮೇಳದ್ದೇ. 32 ಲಕ್ಷ ಜನರಿಗೆ ಎರಡು ಕೋಟಿಗೂ ಮೀರಿ ಹಂದಿಗಳಿರುವ ರಾಜ್ಯವಿದು, ನಿನ್ನ ಮನೆಯಲ್ಲಿ ಮಡಿಮೈಲಿಗೆ ಇದ್ದರೆ ಅಜ್ಜಿಗೆ ಈ ಸಾಲು ಓದಿ ಹೇಳಬೇಡ.

ಇನ್ನೊಂದು ಕಾಲು ವಿಸ್ತರಣೆ. 1862ರ ಮೊರಿಲ್ ಕಾಯ್ದೆ ಕೃಷಿ ಕಾಲೇಜುಗಳಿಗೆ ಭೂಮಿ ಕೊಟ್ಟಿತು, 1914ರ ಸ್ಮಿತ್-ಲೀವರ್ ಕಾಯ್ದೆ ಆ ಕಾಲೇಜಿನ ಅರಿವನ್ನು ರೈತರ ಬಾಗಿಲಿಗೆ ಒಯ್ಯುವ ವ್ಯವಸ್ಥೆ ಕಟ್ಟಿತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹುಟ್ಟಿದ್ದೂ ಇದೇ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ನೆರವಿನಿಂದ. ನಿನ್ನ ಧಾರವಾಡದ್ದು 1986ರಲ್ಲಿ ಅದರಿಂದ ಬೇರೆಯಾಯಿತು. ಅಂದರೆ ನೀನು ಬರುತ್ತಿರುವುದು ನಿನ್ನ ಕಾಲೇಜಿನ ಅಜ್ಜನ ಮನೆಗೆ. ಆದರೆ ಮೊಮ್ಮಗನಿಗೆ ಬಾರದ ಒಂದು ಗುಣ ಅಜ್ಜನಲ್ಲಿದೆ. ಅಯೋವಾದಲ್ಲಿ 99 ಕೌಂಟಿಗಳು. ಪ್ರತಿ ಕೌಂಟಿಯಲ್ಲೂ ವಿಸ್ತರಣಾ ಕೆಲಸಕ್ಕೆಂದೇ ಜನ ಮತ ಹಾಕಿ ಆರಿಸಿದ ಮಂಡಳಿ ಇದೆ, ಅದರ ಖರ್ಚಿಗೆ ಆಸ್ತಿ ತೆರಿಗೆಯಲ್ಲಿ ಒಂದು ಪಾಲು ಇದೆ. ನಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಮೇಲಿನಿಂದ ಆದೇಶ ಬರುತ್ತದೆ, ಸಹಾಯಧನದ ಬೀಜ ಹಂಚಿ ಕಡತ ತುಂಬುವುದರಲ್ಲಿ ಅಲ್ಲಿನ ಅಧಿಕಾರಿಯ ಮುಂಗಾರು ಕಳೆದುಹೋಗುತ್ತದೆ. ಇಲ್ಲಿನ ಕೌಂಟಿ ಕಚೇರಿಗೆ ತೆರಿಗೆ ಕೊಟ್ಟ ರೈತನೇ ಬಂದು ‘ಈ ವರ್ಷ ನಮಗೆ ಏನು ಮಾಡಿದಿರಿ’ ಎಂದು ಕೇಳುತ್ತಾನೆ. ನನ್ನ ಮಟ್ಟಿಗೆ ಇಲ್ಲಿ ಕಲಿಯಲು ತಕ್ಕದ್ದು ಇದೇ. ಪುಸ್ತಕದಲ್ಲಿರುವುದನ್ನು ನೀನು ಧಾರವಾಡದಲ್ಲೇ ಓದಬಹುದು.

ಹತ್ತಿರದಿಂದ ನೋಡಬೇಕೆಂದರೆ ಚಳಿಗಾಲದಲ್ಲಿ ಕೌಂಟಿ ಕಚೇರಿಯ ಸಭಾಂಗಣಕ್ಕೆ ಹೋಗಿ ಕೂರು. ಕೀಟನಾಶಕ, ಕಳೆನಾಶಕ ಸಿಂಪಡಿಸುವ ಪರವಾನಗಿ ಉಳಿಸಿಕೊಳ್ಳಲು, ಪರೀಕ್ಷೆ ಬರೆಯಲು ಮನಸ್ಸಿಲ್ಲದ ರೈತರು ವರ್ಷಕ್ಕೊಮ್ಮೆ ತರಗತಿಗೆ ಬರುತ್ತಾರೆ. ಬೀಜದ ಕಂಪನಿಯ ಟೋಪಿ ತೊಟ್ಟ ಎಪ್ಪತ್ತರ ಹಿರಿಯರು ಹಿಂದಿನ ಸಾಲನ್ನೇ ಹಿಡಿದು, ಕೈಕಟ್ಟಿ ಕೂರುತ್ತಾರೆ. ನಾನು ಕಂಡ ಒಂದು ತರಗತಿಯಲ್ಲಿ ಪಾಠ ಹೇಳುತ್ತಿದ್ದಾಕೆ ವಾಟರ್‌ಹೆಂಪ್ ಎಂಬ ಕಳೆಯ ಒಣಗಿದ ಗಿಡವನ್ನು ಮೇಜಿನ ಮೇಲಿಟ್ಟಳು. ನಮ್ಮ ರಾಜಗಿರಿ ಸೊಪ್ಪಿನ ಕುಲದ್ದೇ, ಹಲವು ಕಳೆನಾಶಕಗಳಿಗೆ ಈಗ ಬಗ್ಗುವುದಿಲ್ಲ. ‘ಕಳೆದ ವರ್ಷ ಇದು ಯಾರ ಹೊಲದಲ್ಲಿ ಸಾಯಲಿಲ್ಲ?’ ಎಂದು ಕೇಳಿದಳು. ಒಂದು ಕೈಯೂ ಏಳಲಿಲ್ಲ. ಅವಳು ಮುಂದಿನ ಸ್ಲೈಡಿಗೆ ಹೋಗದೆ ಸುಮ್ಮನೆ ನಿಂತಳು. ಬಹಳ ಹೊತ್ತಿನ ಮೇಲೆ ಹಿಂದಿನಿಂದ ಒಬ್ಬರು, ‘ನನ್ನ ಹೊಲದಲ್ಲಿಲ್ಲ, ಪಕ್ಕದವನ ಹೊಲದಲ್ಲಿದೆ’ ಎಂದರು. ಪಕ್ಕದ ಹೊಲದವನು ಎರಡು ಕುರ್ಚಿ ಆಚೆ ಕುಳಿತಿದ್ದ. ಎಲ್ಲರೂ ನಕ್ಕರು, ಆಮೇಲೆ ಒಂದೊಂದೇ ಕೈ ಎದ್ದಿತು. ಅವಳು ಯಾಕೆ ನಿಂತಳು, ಎಷ್ಟು ಹೊತ್ತು ನಿಂತಳು, ನಗೆ ಹೇಗೆ ಕೆಲಸ ಮಾಡಿತು ಎಂಬುದರಲ್ಲಿ ನಿನಗೆ ಕುತೂಹಲ ಹುಟ್ಟಿದರೆ ಈ ಪದವಿ ನಿನ್ನದು. ಆ ಕಳೆ ಯಾಕೆ ಸಾಯುವುದಿಲ್ಲ ಎಂಬುದರಲ್ಲೇ ಕುತೂಹಲವೆಂದರೆ ಬೇಸಾಯ ಶಾಸ್ತ್ರದ ವಿಭಾಗಕ್ಕೆ ಅರ್ಜಿ ಹಾಕು. ಅಲ್ಲಿ ಹಣವೂ ಹೆಚ್ಚು, ಓದಿನ ಮೇಲೆ ದುಡಿಯುವ ಒಪಿಟಿ ಅವಧಿಯೂ ಉದ್ದ.

ಏಮ್ಸ್‌ನಿಂದ ಪಶ್ಚಿಮಕ್ಕೆ ಒಂದು ಗಂಟೆಯೊಳಗೆ ಜೆಫರ್ಸನ್ ಎಂಬ ಊರಿದೆ. ರಯಾನ್ ಮತ್ತು ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಹೈಬ್ರಿಡ್ ಗೋವಿನಜೋಳ ಹೇಗೆ ಹಬ್ಬಿತೆಂದು ಅಧ್ಯಯನ ಮಾಡಿದ ಎರಡು ಊರುಗಳಲ್ಲಿ ಅದೊಂದು. 1943ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 259 ರೈತರಿದ್ದರು, 1941ರ ವೇಳೆಗೆ ಇಬ್ಬರನ್ನು ಬಿಟ್ಟು ಎಲ್ಲರೂ ಹೊಸ ಬೀಜಕ್ಕೆ ಬಂದಿದ್ದರು. ಹೊಸತನ್ನು ಯಾರು ಎಷ್ಟು ಬೇಗ ಒಪ್ಪುತ್ತಾರೆಂದು ಜನರನ್ನು ವಿಂಗಡಿಸುವ, ನೀನು ಪರೀಕ್ಷೆಗೆ ಉರು ಹೊಡೆದ ರೋಜರ್ಸ್‌ನ ಐದು ವರ್ಗಗಳು, ಆ 2.5, 13.5, 34 ಶೇಕಡಾಗಳು, ಬೇರುಬಿಟ್ಟದ್ದು ಇದೇ ನೆಲದಲ್ಲಿ. ರೋಜರ್ಸ್ ಇದೇ ರಾಜ್ಯದ ರೈತನ ಮಗ. ಅವನ ಅಪ್ಪ ಹೈಬ್ರಿಡ್ ಬೀಜ ಬೇಡವೆಂದು ಕೂತು 1936ರ ಬರದಲ್ಲಿ ಬೆಳೆ ಕಳೆದುಕೊಂಡವನು. ಹಾವೇರಿಯಲ್ಲಿ ಗೋವಿನಜೋಳ ಹತ್ತಿಯ ಹೊಲಗಳಿಗೆ ಹೇಗೆ ನುಗ್ಗಿತೆಂದು ನಿನ್ನ ಅಪ್ಪನನ್ನು ಕೇಳಿ ನೋಡು. ಯಾರು ಮೊದಲು ಬಿತ್ತಿದರು, ಯಾರು ಕಾದು ನೋಡಿದರು, ಯಾರಿಗೆ ಹಣವಿಲ್ಲದೆ ತಡವಾಯಿತು. ‘ಹಿಂದುಳಿದವರು’ ಎಂಬ ಆ ಐದನೆಯ ವರ್ಗದ ಬಗ್ಗೆ ನನಗೆ ಮೊದಲಿನಿಂದಲೂ ಜಗಳವಿದೆ. ಸಾಲ ಹುಟ್ಟದವನನ್ನು ಮನಸ್ಸಿಲ್ಲದವನ ಜೊತೆ ಒಂದೇ ಗೂಟಕ್ಕೆ ಕಟ್ಟುತ್ತದೆ ಅದು. ಸೆಮಿನಾರಿನಲ್ಲಿ ಇದನ್ನು ಹೇಳು, ಪ್ರೊಫೆಸರ್ ಮುನಿಸಿಕೊಳ್ಳುವುದಿಲ್ಲ. ಸುಮ್ಮನೆ ಕೂತರೆ ಮಾತ್ರ ‘ಓದಿಕೊಂಡು ಬಂದಿಲ್ಲ’ ಎಂದುಕೊಳ್ಳುತ್ತಾರೆ.

ಪ್ರಬಂಧವನ್ನು ಊರಿನ ರೈತರ ಮೇಲೆ ಮಾಡುವೆಯಾದರೆ, ಪ್ರಶ್ನಾವಳಿ ಹಿಡಿದು ಹೊರಡುವ ಮೊದಲು ಇಲ್ಲಿನ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರಕ್ಕೆ ರೈತರ ಸಹಿ ಪಡೆ ಎನ್ನುತ್ತಾರೆ. ನಮ್ಮಲ್ಲಿ ಅಪರಿಚಿತ ಕಾಗದಕ್ಕೆ ಸಹಿ ಎಂದರೆ ಸಾಲವೋ ಭೂಸ್ವಾಧೀನವೋ ಎಂದು ಜನ ಎದ್ದು ಹೋಗುತ್ತಾರೆ. ಬಾಯಿಮಾತಿನ ಒಪ್ಪಿಗೆಗೆ ನಿಯಮದಲ್ಲೇ ಅವಕಾಶವಿದೆ, ಕಾರಣ ಬರೆದು ಕೇಳಬೇಕು.

ಬದುಕಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಚಳಿ ಕೆಟ್ಟದ್ದು, ಕೋಟನ್ನು ಇಲ್ಲಿಗೆ ಬಂದು ಕೊಳ್ಳು. ಏಮ್ಸ್ ಊರೊಳಗೆ ಸಿಟಿ ಬಸ್ಸಿದೆ, ಕೌಂಟಿ ಸುತ್ತಲು ಕಾರು ಬೇಕು. ಮ್ಯಾಡ್ರಿಡ್ ಎಂಬ ಊರಲ್ಲಿ ದೇವಸ್ಥಾನವಿದೆ. ಅಂಗಡಿಗಳಲ್ಲಿ ಬೇಳೆ, ಹುಣಸೆಹಣ್ಣು ಸಿಗುತ್ತವೆ. ವಿಭಾಗದಲ್ಲಿ ನೀನೊಬ್ಬನೇ ಭಾರತೀಯನಾಗಿರಬಹುದು, ಸಾಫ್ಟ್‌ವೇರ್‌ನವರ ಹಾಗೆ ಗುಂಪು ಸಿಗುವುದಿಲ್ಲ. ವಾಪಸ್ ಹೋಗಿ ಕೃಷಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಯೋಚನೆ ಇದ್ದರೆ ಪದವಿಗೆ ಸಮಾನತೆಯ ಪ್ರಮಾಣಪತ್ರ ಕೇಳುತ್ತಾರೆ, ನೇಮಕಾತಿ ಪ್ರಕಟಣೆಯಲ್ಲಿ ವಿಷಯದ ಹೆಸರು ಹೇಗಿರುತ್ತದೆಂದು ಈಗಲೇ ನೋಡಿಟ್ಟುಕೋ.

ನೀನು ಕಳಿಸಿದ ಅರ್ಜಿಯ ಕರಡು ಓದಿದೆ. ‘ಭಾರತ ಹಳ್ಳಿಗಳ ದೇಶ’ ಎಂಬ ಮೊದಲ ಪ್ಯಾರಾ ತೆಗೆದುಹಾಕು, ಅದು ಎಲ್ಲರ ಅರ್ಜಿಯಲ್ಲೂ ಇರುತ್ತದೆ. ಕೊನೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿರುವ ಗ್ರಾಮೀಣ ಕಾರ್ಯಾನುಭವದ ಶಿಬಿರವನ್ನು ಮೇಲಕ್ಕೆ ತಾ. ಗುಡಿಯ ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಊರಿನ ಸಂಪನ್ಮೂಲ ನಕ್ಷೆ ಬಿಡಿಸುವಾಗ, ಹೆಂಗಸರು ಬಂದು ಗಂಡಸರು ಬಿಟ್ಟ ಕೆರೆಯನ್ನು ಸೇರಿಸಿದರು ಎಂದಿದ್ದೀಯಲ್ಲ, ಅದನ್ನು ಬಿಡಿಸಿ ಬರೆ. ಒಟ್ಟು ಅಂಕವನ್ನು ಹತ್ತರ ಮಾನದಲ್ಲೇ ಕೊಡು, ಇಲ್ಲಿನ ನಾಲ್ಕರ ಮಾನಕ್ಕೆ ನೀನಾಗಿ ಇಳಿಸಬೇಡ. ತಿದ್ದಿದ್ದನ್ನು ನನಗೆ ಕಳಿಸು, ಪ್ರೊಫೆಸರ್‌ಗಳಿಗೆ ಬರೆಯುವ ಪತ್ರವನ್ನು ಆಮೇಲೆ ಇಬ್ಬರೂ ಕೂತು ನೋಡೋಣ.