ಆದಾಯ ಏರಿದರೆ ಹೊಗೆಯೂ ಏರಲೇಬೇಕೆ?

ಭಾರತದಂಥ ದೇಶಗಳಲ್ಲಿ ಇಂಗಾಲದ ಹೊರಸೂಸುವಿಕೆ ಏರುತ್ತಿರುವುದಕ್ಕೆ ಆರ್ಥಿಕ ಬೆಳವಣಿಗೆ ಕಾರಣವೋ, ಜನಸಂಖ್ಯೆ, ಶಿಕ್ಷಣದಂಥ ಸಾಮಾಜಿಕ ಸಂಗತಿಗಳೋ ಎಂದು ಕೇಳಿದ್ದೀರಿ. ಎಂ.ಎ. ಪ್ರಾಜೆಕ್ಟಿಗೆ ಬೇಕು ಅಂತಲೂ ಬರೆದಿದ್ದೀರಿ. ನಾನು ತುಮಕೂರು ಜಿಲ್ಲೆಯಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. ಇವೆರಡನ್ನೂ ಬಿಡಿಸಿ ನೋಡಹೊರಟರೆ ಲೆಕ್ಕ ತಪ್ಪುತ್ತದೆ. ದುಡ್ಡು ಯಾರ ಕೈಗೆ ಬಂತು, ಅವರು ಮೊದಲು ಏನು ಕೊಂಡರು ಎಂದು ಕೇಳಿ.

ನಮ್ಮಮ್ಮ ಬಹಳ ವರ್ಷ ಸೌದೆ ಒಲೆ ಊದಿದವಳು. ಮನೆಗೆ ಗ್ಯಾಸ್ ಬಂದ ಮೇಲೆ ಅವಳ ಕೆಮ್ಮು ಕಡಿಮೆಯಾಯಿತು. ಆದರೆ ಸೌದೆಯಿಂದ ಬರುವ ಇಂಗಾಲದ ಡೈಆಕ್ಸೈಡನ್ನು ದೇಶದ ಇಂಧನ ಲೆಕ್ಕದ ಮೊತ್ತಕ್ಕೆ ಸೇರಿಸುವುದಿಲ್ಲ, ಗ್ಯಾಸಿನದ್ದನ್ನು ಸೇರಿಸುತ್ತಾರೆ. ಹಾಗಾಗಿ ಕಾಗದದ ಮೇಲೆ ನಮ್ಮ ಮನೆಯ ಹೊರಸೂಸುವಿಕೆ ಏರಿತು! ಎಷ್ಟು ಏರಿತು ಎಂದು ನೋಡಿ. 14.2 ಕೆ.ಜಿ. ಸಿಲಿಂಡರ್ ಉರಿದರೆ ಸುಮಾರು 42 ಕೆ.ಜಿ. ಡೈಆಕ್ಸೈಡ್. ವರ್ಷಕ್ಕೆ ಆರು ಸಿಲಿಂಡರ್ ಅಂದರೆ ಕಾಲು ಟನ್. ಪೆಟ್ರೋಲ್ ಲೀಟರಿಗೆ ಸುಮಾರು 2.3 ಕೆ.ಜಿ. ಬಿಡುತ್ತದೆ. ವರ್ಷಕ್ಕೆ ಸಾವಿರ ಲೀಟರ್ ಕುಡಿಯುವ ಒಂದು ಕಾರು ಒಂಬತ್ತು ಮನೆಗಳ ಅಡುಗೆಗೆ ಸಮ. ಜಿಡಿಪಿಯ ಅಂಕಿಯಲ್ಲಿ ಎರಡೂ ಬೆಳವಣಿಗೆಯೇ. ಅಡುಗೆಯ ಗ್ಯಾಸನ್ನು ಯಾರೂ ತಡೆಯಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಜನಸಂಖ್ಯೆಯನ್ನು ದೂರುವ ಅಭ್ಯಾಸ ನಮ್ಮಲ್ಲಿ ಹಳೆಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು ದೇಶದಲ್ಲಿ 2.0, ಕರ್ನಾಟಕದಲ್ಲಿ 1.7. ಹೆರಿಗೆ ಇಳಿದಿದೆ, ಆದರೆ ಮನೆಗಳು ಹೆಚ್ಚುತ್ತಿವೆ. ಮೂವರು ಅಣ್ಣತಮ್ಮಂದಿರು ಪಾಲಾದರೆ ಒಂದು ಫ್ರಿಜ್ಜು ಇದ್ದಲ್ಲಿ ಮೂರು ಬರುತ್ತವೆ. ಹೆಣ್ಣು ಕೊಡುವವರು ಹುಡುಗನಿಗೆ ಕಾರಿದೆಯಾ ಎಂದು ವಿಚಾರಿಸುತ್ತಾರೆ. ಪದವಿ ಮುಗಿಸಿ ಕೆಲಸ ಸಿಕ್ಕ ನನ್ನ ವಿದ್ಯಾರ್ಥಿಗಳು ಮೊದಲ ಸಂಬಳದಲ್ಲೇ ಬೈಕಿನ ಕಂತು ಶುರು ಮಾಡುತ್ತಾರೆ. ಶಿಕ್ಷಣ ಹೆಚ್ಚಿದರೆ ಹೊರಸೂಸುವಿಕೆ ತಾನಾಗಿ ಇಳಿಯುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಇನ್ನೊಂದು ಕಡೆ, 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ ನಿಲ್ದಾಣದಲ್ಲಿ ಹೆಂಗಸರ ಗುಂಪು ಕಣ್ಣಿಗೆ ಕಾಣುವಷ್ಟು ಬೆಳೆಯಿತು. ಓಡಾಟ ಹೆಚ್ಚಬೇಕಾದರೆ ಮನೆಗೊಂದು ವಾಹನ ಬರಲೇಬೇಕೆಂದಿಲ್ಲ.

ಪಠ್ಯಪುಸ್ತಕದ ಕುಜ್ನೆಟ್ಸ್ ರೇಖೆ, ಅಂದರೆ ದೇಶ ಶ್ರೀಮಂತವಾದಂತೆ ಮಾಲಿನ್ಯ ಗುಡ್ಡದ ಹಾಗೆ ಏರಿ ಆಮೇಲೆ ಇಳಿಯುತ್ತದೆ ಎಂಬುದು, ನಿಮಗೂ ಎದುರಾಗುತ್ತದೆ. 1991ರಲ್ಲಿ ಅರ್ಥಶಾಸ್ತ್ರಜ್ಞರಾದ ಗ್ರಾಸ್‌ಮನ್ ಮತ್ತು ಕ್ರೂಗರ್ ಅದನ್ನು ತೋರಿಸಿದ್ದು ಗಂಧಕದ ಡೈಆಕ್ಸೈಡ್, ಹೊಗೆಗಳ ವಿಷಯದಲ್ಲಿ. ಅವು ಮೂಗಿಗೆ ಹತ್ತುತ್ತವೆ, ಊರವರು ಗಲಾಟೆ ಮಾಡುತ್ತಾರೆ, ಸರ್ಕಾರ ಕೇಳುತ್ತದೆ. ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ವಿರುದ್ಧ ಅರ್ಜಿ ಹಿಡಿದು ಯಾವ ಊರೂ ಪಂಚಾಯಿತಿಗೆ ಹೋಗುವುದಿಲ್ಲ. ಆ ಗುಡ್ಡ ತಾನಾಗಿ ಇಳಿಯುತ್ತದೆಂದು ಕಾಯುವ ಹಾಗಿಲ್ಲ.

2005ರಿಂದ 2020ರೊಳಗೆ ಭಾರತ ಜಿಡಿಪಿಯ ಪ್ರತಿ ರೂಪಾಯಿಗೆ ಬಿಡುವ ಇಂಗಾಲವನ್ನು 36% ಇಳಿಸಿತು. ಒಟ್ಟು ಮೊತ್ತ ಮಾತ್ರ ಏರಿತು. ಗಾಡಿಯ ಮೈಲೇಜ್ ಸುಧಾರಿಸಿ, ಓಡುವ ದೂರ ಅದಕ್ಕಿಂತ ಹೆಚ್ಚಾದ ಹಾಗೆ. ನಮ್ಮ ಜಿಲ್ಲೆಯ ಪಾವಗಡದಲ್ಲೇ 2,050 ಮೆಗಾವಾಟ್ ಸೋಲಾರ್ ಇದೆ, ಸುಮಾರು 13,000 ಎಕರೆಯಲ್ಲಿ. ಜಮೀನಿದ್ದವರಿಗೆ ಗುತ್ತಿಗೆ ಹಣ ಬರುತ್ತದೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಆ ಹಣದಲ್ಲಿ ಪಾಲಿಲ್ಲ. ಇದೂ ಸಾಮಾಜಿಕ ಅಂಶವೇ, ನಿಮ್ಮ ಪ್ರಾಜೆಕ್ಟಿನಲ್ಲಿ ಬಿಡಬೇಡಿ.

ಇಡೀ ದೇಶದ ತಲಾ ಸರಾಸರಿ, ವರ್ಷಕ್ಕೆ ಸುಮಾರು ಎರಡು ಟನ್ ಡೈಆಕ್ಸೈಡ್, ಹಿಡಿದುಕೊಂಡು ಕೂರಬೇಡಿ. 2022–23ರ ಗೃಹಬಳಕೆ ವೆಚ್ಚ ಸಮೀಕ್ಷೆಯಲ್ಲಿ ಮನೆಯ ಇಂಧನದ ಖರ್ಚು, ಓಡಾಟದ ಖರ್ಚು ಎರಡೂ ಸಿಗುತ್ತವೆ. ಖರ್ಚಿನಲ್ಲಿ ಮೇಲಿನ ಹತ್ತರಲ್ಲೊಂದು ಪಾಲನ್ನೂ ಕೆಳಗಿನ ಅರ್ಧವನ್ನೂ ಬೇರೆ ಬೇರೆ ಮಾಡಿ ಲೆಕ್ಕ ಹಾಕಿ.