ಮೈಕ್ರೋಆರ್‌ಎನ್‌ಎಗೂ ಕ್ಯಾನ್ಸರ್‌ಗೂ ಏನು ಸಂಬಂಧ?

ಮೈಕ್ರೋಆರ್‌ಎನ್‌ಎ ಅಂದರೆ ಸುಮಾರು 22 ರಾಸಾಯನಿಕ 'ಅಕ್ಷರ'ಗಳಷ್ಟು ಉದ್ದದ ಪುಟಾಣಿ ಆರ್‌ಎನ್‌ಎ. ಅದರಿಂದ ಪ್ರೋಟೀನ್ ತಯಾರಾಗುವುದಿಲ್ಲ. ಬೇರೆ ಜೀನಿನಿಂದ ಪ್ರೋಟೀನ್ ತಯಾರಿಸುವ ಸೂಚನೆ ಹೊತ್ತೊಯ್ಯುವ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು ಆ ಪ್ರೋಟೀನಿನ ತಯಾರಿಕೆಗೆ ಕಡಿವಾಣ ಹಾಕುತ್ತದೆ.

ನನಗೆ ಇಷ್ಟವಾದ ಉದಾಹರಣೆ ಜೀವವಿಜ್ಞಾನಿ ಫ್ರಾಂಕ್ ಸ್ಲ್ಯಾಕ್ ಅವರ ಸಂಶೋಧನೆ. ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಹುಳುವಿನಲ್ಲಿ ಲೆಟ್-7 ಮೈಕ್ರೋಆರ್‌ಎನ್‌ಎ ಕೆಟ್ಟರೆ, ಕೆಲವು ಚರ್ಮದ ಕೋಶಗಳು ನಿಲ್ಲಬೇಕಾದ ಹೊತ್ತಿಗೆ ನಿಲ್ಲದೆ ವಿಭಜಿಸುತ್ತಲೇ ಇರುತ್ತವೆ. ಕ್ಯಾನ್ಸರ್ ವಾಸನೆ ಬಡಿಯುವುದು ಇಲ್ಲೇ! 2005ರಲ್ಲಿ ಯೇಲ್ ವಿಶ್ವವಿದ್ಯಾಲಯದ ಅವರ ತಂಡ, ಮನುಷ್ಯರ ಕೋಶಗಳಲ್ಲೂ ಲೆಟ್-7 ಕೋಶಗಳ ವಿಭಜನೆಗೆ ಕುಮ್ಮಕ್ಕು ಕೊಟ್ಟು ಕ್ಯಾನ್ಸರ್ ತರುವುದಕ್ಕೆ ಕುಖ್ಯಾತವಾದ ರಾಸ್ ಜೀನನ್ನು ಅದುಮಿಡುತ್ತದೆ ಎಂದು ತೋರಿಸಿತು. ಶ್ವಾಸಕೋಶದ ಗೆಡ್ಡೆಗಳಲ್ಲಿ ಲೆಟ್-7 ಕಡಿಮೆ, ರಾಸ್ ಪ್ರೋಟೀನ್ ಜಾಸ್ತಿ.

ಹಾಗಾದರೆ ಮೈಕ್ರೋಆರ್‌ಎನ್‌ಎಯನ್ನೇ ಔಷಧಿಯಾಗಿ ಕೊಡಬಹುದಲ್ಲ? ಅಷ್ಟು ಸಲೀಸಲ್ಲ. ಮಿಆರ್-34 ಎಂಬ ಇನ್ನೊಂದು ಮೈಕ್ರೋಆರ್‌ಎನ್‌ಎಯನ್ನು ಕ್ಯಾನ್ಸರ್ ರೋಗಿಗಳಿಗೆ ಕೊಟ್ಟ ಪ್ರಯೋಗವನ್ನು, ರೋಗನಿರೋಧಕ ವ್ಯವಸ್ಥೆಯ ತೀವ್ರ ಅಡ್ಡಪರಿಣಾಮಗಳ ಕಾರಣ 2016ರಲ್ಲಿ ನಿಲ್ಲಿಸಬೇಕಾಯಿತು.